ಚೀಲಕ್ಕೆ ಐದು ಪೈಸೆ

ಗಂಗಾವತಿಯ ಅಕ್ಕಿ ಗಿರಣಿಯ ಹಮಾಲ ಓಬಳೆಪ್ಪನ ಬೆನ್ನು ನಲವತ್ತೆರಡಕ್ಕೇ ಸೋತಿತ್ತು. ೧೯೮೩ರಲ್ಲಿ ಗಿರಣಿಗೆ ಭತ್ತದ ಹೊಟ್ಟು ಬಿಡಿಸುವ ರಬ್ಬರ್ ರೋಲಿನ ಹೊಸ ಯಂತ್ರ ಬಂತು. ಅದನ್ನು ನಡೆಸಲು ಹೊರಗಿನವರನ್ನು ಕರೆಸುವ ಬದಲು ಹಮಾಲರಿಗೇ ಕಲಿಸೋಣ ಎಂದು ಮಾಲೀಕ ದೇವೇಂದ್ರಪ್ಪನೂ ಹಮಾಲರ ಸಂಘವೂ ಒಪ್ಪಿಕೊಂಡರು. ಕೊಪ್ಪಳದಿಂದ ಫಿಟ್ಟರ್ ಮಕ್ಬುಲಸಾಬ ಬಸ್ಸಿನಲ್ಲಿ ಬಂದು ಕಲಿಸುತ್ತಿದ್ದ. ಅವನ ಸಂಬಳದಲ್ಲಿ ಅರ್ಧ ಮಾಲೀಕನದು, ಅರ್ಧ ಸಂಘದ್ದು. ಸಂಘದ ಪಾಲು ತಪ್ಪುತ್ತಿರಲಿಲ್ಲ. ಮಾಲೀಕನ ಪಾಲನ್ನು ಮಾತ್ರ ಸಂಘದ ಪರವಾಗಿ ಓಬಳೆಪ್ಪನೇ ಪ್ರತಿ ತಿಂಗಳೂ ಹೋಗಿ ಕೇಳಬೇಕಿತ್ತು.

ಒಂದು ತಿಂಗಳು ಎರಡು ಸಲ ಕೇಳಿಯೂ ಬರಿಗೈಯಲ್ಲಿ ಬಂದಿದ್ದ. ಶುಕ್ರವಾರ ಮಕ್ಬುಲಸಾಬ ಬೋಲ್ಟು ಬಿಚ್ಚುವ ಪಾನಾ ಒರೆಸುತ್ತ ಹೇಳಿದ: “ಓಬಳೆಪ್ಪಣ್ಣ, ಹೊಸಪೇಟ್ಯಾಗ ಕಾಯಂ ಕೆಲಸಕ್ಕ ಕರದಾರ. ನಾಳೆ ತನಕ ನೋಡ್ತೀನಿ. ನನ್ನ ಮನ್ಯಾಗೂ ಒಲಿ ಉರೀಬೇಕಲ್ಲ.”

ಓಬಳೆಪ್ಪ ಯಂತ್ರ ಬಿಚ್ಚಿ ಜೋಡಿಸುವುದನ್ನು ಇನ್ನೂ ಅರ್ಧವೇ ಕಲಿತಿದ್ದ. ಕಲಿಸುವವನು ಹೋದರೆ ಮತ್ತೆ ಬೆನ್ನ ಮೇಲೆ ಕ್ವಿಂಟಲ್ ಚೀಲವೇ. ಕಳವಳದಲ್ಲಿ ಅಂದು ಶುಕ್ರವಾರವೆಂಬುದನ್ನೇ ಮರೆತು, ದೀಪ ಹಚ್ಚಿದ ಹೊತ್ತಿಗೇ ಮಾಲೀಕನ ಗಾದಿಯ ಮುಂದೆ ಹೋಗಿ ನಿಂತ.

ಊದಿನಕಡ್ಡಿ ಬೆಳಗುತ್ತಿದ್ದ ದೇವೇಂದ್ರಪ್ಪ ತಿರುಗಿದ. “ಶುಕ್ರವಾರ ದೀಪ ಹಚ್ಚಿದ ಮ್ಯಾಲ ಲಕ್ಷ್ಮೀನ ಹೊರಗ ಕಳಸು ಅಂತೀಯೇನೋ? ಇಪ್ಪತ್ತು ವರ್ಷ ಈ ಅಂಗಳದಾಗ ಇದ್ದು ಇಷ್ಟೂ ತಿಳೀಲಿಲ್ಲ?”

ಗುಮಾಸ್ತ ವಿರುಪಣ್ಣ ನಕ್ಕ. “ಯಂತ್ರ ಕಲಿಯೋ ಗದ್ದಲದಾಗ ಪಂಚಾಂಗ ಮರತಾನ್ರಿ.”

ಓಬಳೆಪ್ಪನ ಕಿವಿ ಬಿಸಿಯಾಯಿತು. ಹೊರಡಲು ತಿರುಗಿದವನ ಕಣ್ಣಿಗೆ ಬಾಗಿಲ ಬಳಿಯ ತೂಕದ ಕಾಟಾ ಬಿತ್ತು. ಲಾರಿ ಏರುವ ಪ್ರತಿ ಚೀಲಕ್ಕೂ ಅಲ್ಲಿಯೇ, ಧರ್ಮಾದಾಯವೆಂದು, ಗುಡಿಯ ಹೆಸರಿಗೆ ಐದು ಪೈಸೆ ಹಿಡಿಯುತ್ತಿದ್ದರು.

“ಸಾವ್ಕಾರ್ರ, ನೀವು ಕೈಯೆತ್ತಿ ಕೊಡೋದು ಬ್ಯಾಡ್ರಿ,” ಎಂದ. ಕಾಟಾದ ಕಡೆ ಕೈ ತೋರಿಸಿದ. “ಗುಡಿ ಪೂಜಾರಿ ತಿಂಗಳಾ ತಿಂಗಳಾ ನಿಮ್ಮ ಮುಂದ ಬಂದು ನಿಲ್ತಾನೇನ್ರಿ? ಕಾಟಾದಾಗ ತಾನ ಹಿಡೀತೈತಿ. ಹಂಗ ಕಲಿಸೋದಕ್ಕೂ ಚೀಲಕ್ಕ ಐದು ಪೈಸೆ ಹಿಡೀರಿ. ನಮ್ಮ ಹಮಾಲಿ ಕೂಲಿಯಾಗೂ ಐದು ಪೈಸೆ ಮುರಕೊಳ್ರಿ.”

ದೇವೇಂದ್ರಪ್ಪ ಕಾಟಾವನ್ನೊಮ್ಮೆ ನೋಡಿದ. ಊದಿನಕಡ್ಡಿಯ ಬೂದಿ ಗಾದಿಯ ಮೇಲೆ ಬಿತ್ತು.

“ನಾಳೆಯಿಂದ ಹಿಡಿ, ವಿರುಪಣ್ಣ,” ಎಂದ ಕಡೆಗೆ. “ಆದ್ರ ಓಬಳೆಪ್ಪ, ಚೀಲ ಏಳದ ದಿನ ನನ್ನ ಕೇಳಬ್ಯಾಡ.”

ಮರುದಿನ ಮುನ್ನೂರು ಚೀಲ ಲಾರಿ ಏರಿದವು. ಚೀಲಕ್ಕೆ ಹತ್ತು ಪೈಸೆಯಂತೆ ದುಡ್ಡು ಕೂಡಿತು; ಮಕ್ಬುಲಸಾಬ ಉಳಿದ. ವರ್ಷ ತುಂಬುವುದರೊಳಗೆ ಓಬಳೆಪ್ಪ ಯಂತ್ರ ನಡೆಸುವವನಾದ.

ಆದರೂ ಪ್ರತಿ ಬೇಸಿಗೆ ಕಾಲುವೆಯ ನೀರು ನಿಂತು ಭತ್ತದ ಬಂಡಿಗಳು ವಿರಳವಾಗಿ, ಚೀಲ ಏಳದೆ ಕಲಿಸುವ ದುಡ್ಡೂ ಹುಟ್ಟದಾಗ, ಅವನು ಆಗಾಗ ಬಾಗಿಲಿಗೆ ಬಂದು ಬಂಡಿಗಳು ಬರುವ ಶ್ರೀರಾಮನಗರದ ದಾರಿ ನೋಡುತ್ತಿದ್ದ. ಒಳಗೆ ಯಂತ್ರ ಕಲಿಯಲು ಬಂದ ಹೊಸ ಹಮಾಲರು ಪಾನಾ ಹಿಡಿದು ಕಾಯುತ್ತಿದ್ದರು.