ಔಷಧಿ ಬೀರುವಿನಲ್ಲಿ ಬೀಗ ಬಿದ್ದ ಚಪ್ಪಲಿ

ಬಿಸಿಲು ಇನ್ನೂ ಏರಿಲ್ಲ. ಕೊಳಾಲದಾಚೆಯ ಚಿಕ್ಕ ಆಸ್ಪತ್ರೆಯ ಅಂಗಳಕ್ಕೆ ನೀರು ಹಾಕುತ್ತಿದ್ದ ನರ್ಸ್ ದಾಕ್ಷಾಯಣಮ್ಮ, ಬಕೆಟ್ ಅಲ್ಲೇ ಬಿಟ್ಟು ಒಳಗೆ ಓಡುತ್ತಾರೆ. ಹಾಲಿನ ಆಟೊ ಇಬ್ಬರನ್ನು ಇಳಿಸಿ ಹೋಗಿದೆ. ಹುಣಸೆ ಬಡಿಯಲು ಮರ ಹತ್ತಿದ್ದ ಅಡವಯ್ಯನವರಿಗೆ ಹೆಜ್ಜೇನು ಕಡಿದಿದೆ. ಮುಖ ಊದಿ ಕಣ್ಣು ಮುಚ್ಚಿಹೋಗಿವೆ.

“ಸುಣ್ಣ ಅಚ್ಚಿದ್ದೀವಿ, ಅಲರ್ಜಿ ಮಾತ್ರೇನೂ ನುಂಗ್ಸಿದ್ದೀವಿ ಕಣಮ್ಮ. ಒಂದು ಸೂಜಿ ಆಕ್ಬುಡಿ, ಓಗ್ತೀವಿ. ಮರ ಅರ್ಧಕ್ಕೇ ನಿಂತೈತೆ,” ಎನ್ನುತ್ತಾರೆ ಜೊತೆಗೆ ಬಂದ ಅವರ ಭಾಮೈದ ದಾಸಯ್ಯ.

ದಾಕ್ಷಾಯಣಮ್ಮನ ಕಿವಿ ಅಡವಯ್ಯನವರ ಉಸಿರಿನ ಮೇಲಿದೆ. ಗಂಟಲಲ್ಲಿ ಸೀಟಿಯಂಥ ಸದ್ದು. ಡಾಕ್ಟರ್‌ಗೆ ಫೋನ್ ಹಚ್ಚಿ ಮೇಜಿನ ಮೇಲಿಟ್ಟು, ಮಾತಾಡುತ್ತಲೇ ಅಲರ್ಜಿಯ ಊತ ಇಳಿಸುವ ಅಡ್ರಿನಲಿನ್ ಇರುವ ಪುಟ್ಟ ಗಾಜಿನ ಶೀಶೆಯ ಕತ್ತು ಮುರಿಯುತ್ತಾರೆ. ತೊಡೆಗೆ ಚುಚ್ಚಬೇಕು. ಆದರೆ ಉಸಿರಿಗೆ ಒದ್ದಾಡುತ್ತಿರುವ ಆ ಮನುಷ್ಯ ಎರಡೂ ಕೈಯಲ್ಲಿ ಪಂಚೆ ಬಿಗಿಹಿಡಿಯುತ್ತಾರೆ. ಹೆಂಗಸರ ಮುಂದೆ ತೊಡೆ ತೋರಿಸುವುದಿಲ್ಲವಂತೆ! ದಾಕ್ಷಾಯಣಮ್ಮನ ಕೆಲಸ ನೋಡಿ ಬರೆಯಲು ಬಂದಿರುವ ನನಗೆ ನಂಬಲಾಗುವುದಿಲ್ಲ.

“ತೋಳಿಗೆ... ಆಕಮ್ಮ...”

“ನಿನ್ ಪಂಚೆ ನೀನೇ ಮಡೀಕ, ಯಾರ್ಗೆ ಬೇಕು!” ಎನ್ನುತ್ತ ಬಟ್ಟೆಯ ಮೇಲಿಂದಲೇ ಚುಚ್ಚುತ್ತಾರೆ.

ತುಟಿ ನೀಲಿಯಾಗುತ್ತದೆ. ದಾಸಯ್ಯ ಗೋಳೋ ಎಂದು ಅಳುತ್ತಾರೆ. ನಾನು ಗೋಡೆಗೆ ಅಂಟಿಕೊಂಡಿದ್ದೇನೆ. ಆಮೇಲೆ ಸೀಟಿ ಸಣ್ಣಗಾಗುತ್ತದೆ, ತುಟಿಗೆ ಬಣ್ಣ ಮರಳುತ್ತದೆ. ಹೋಗಿಯೇ ಬಿಟ್ಟರು ಎಂದುಕೊಂಡಿದ್ದ ಮನುಷ್ಯ ತುಸು ಹೊತ್ತಿಗೆ ಕಣ್ಣು ಬಿಟ್ಟು ಕೇಳುತ್ತಾರೆ, “ಲೇ ದಾಸ, ದೋಟಿ ಮರದಾಗೇ ಬುಟ್ಟು ಬಂದ್ಯಾ?”

ದಾಕ್ಷಾಯಣಮ್ಮ ಬಗ್ಗಿ ಅವರ ಚಪ್ಪಲಿ ಎತ್ತಿ, ಔಷಧಿ ಬೀರುವಿನ ಕೆಳಗಿನ ಖಾನೆಗೆ ಹಾಕಿ ಬೀಗ ಜಡಿಯುತ್ತಾರೆ. ಊರ ದಾರಿಯ ತುಂಬ ಜಾಲಿಮುಳ್ಳು. ಬರಿಗಾಲಲ್ಲಿ ಯಾರೂ ಹೊರಡುವುದಿಲ್ಲ.

ದಾಕ್ಷಾಯಣಮ್ಮ ಶಿರಾ ಕಡೆಯ ಗೌಡಗೆರೆಯಲ್ಲಿ ಕಡಲೆಕಾಯಿ ಬೆಳೆಯುವ ಮನೆಯವರು. ಹುಣಸೆ ಸುಗ್ಗಿಯಲ್ಲಿ ವಾರಕ್ಕೆ ಇಬ್ಬರು ಮೂವರು ಹೀಗೆ ಬರುತ್ತಾರೆ. ಬಂದವರೆಲ್ಲ ಬೇಗ ಹೊರಡುವವರೇ. ಊರಿನಲ್ಲಿ ಇವರ ಹೆಸರು ‘ಚಪ್ಪಲಿ ನರ್ಸಮ್ಮ’.

ಬೀಗ ಯಾಕೆಂದು ಕೇಳಿದರೆ ದಾಕ್ಷಾಯಣಮ್ಮ ನನಗೆ ಹೇಳುತ್ತಾರೆ, “ರೇಣುಕಯ್ಯ ಅಂತ ಒಬ್ರು ಇದ್ರು. ಇದೇ ಸೂಜಿ, ಇಂಗೇ ಎದ್ದು ಕೂತ್ರು, ಟೀ ಕುಡುದ್ರು. ನಾನು ಒಳಗೆ ಬಾಣಂತಿ ನೋಡ್ತಿದ್ದೆ. ಏಳ್ದೆ ಕೇಳ್ದೆ ಒಂಟೋದ್ರು. ಸೂಜಿ ಬಲ ಇಳೀತು, ಊತ ತಿರ್ಗ ಬಂತು. ಜಾಲಿ ಸಾಲ್ನಾಗೆ ಬಿದ್ದಿದ್ರು. ಚಪ್ಪಲಿ ಕಾಲಾಗೇ ಇದ್ವು ಕಣಮ್ಮ.”

ನನ್ನ ಕಣ್ಣು ಆ ಬೀಗದಿಂದ ಕದಲುವುದಿಲ್ಲ.

ಒಂಬತ್ತಕ್ಕೆ ಬಂದ ಡಾಕ್ಟರ್ ಪರೀಕ್ಷಿಸಿ, ಸಂಜೆವರೆಗೂ ಇರಲಿ ಎನ್ನುತ್ತಾರೆ. ಮಂಚದ ಮೇಲಿಂದ ಅಡವಯ್ಯನವರ ಬೈಗುಳ ಶುರುವಾಗಿದೆ. “ಆಸ್ಪತ್ರೆನೋ ಜೈಲೋ ಇದು? ನನ್ ಚಪ್ಪಲಿ ಕದ್ದವ್ಳೆ ಕಣ್ಲಾ!”

ದಾಸಯ್ಯ ನಾಚಿ ತಲೆ ತಗ್ಗಿಸುತ್ತಾರೆ. ದಾಕ್ಷಾಯಣಮ್ಮ ಮಾತ್ರ ಬಕೆಟ್ ಎತ್ತಿಕೊಂಡು ಅರ್ಧಕ್ಕೆ ಬಿಟ್ಟ ಅಂಗಳದ ಕಡೆ ನಡೆಯುತ್ತಾರೆ.

“ಬಯ್ಲಿ ಬುಡು. ಬಯ್ಯಕ್ಕೆ ಉಸಿರು ಐತಲ್ಲ.”