ಚಾಚಾನಿಗೆ ತಿಳಿಯದ ಇಂಗ್ಲಿಷ್

ಅವರ ಬಲ ಹೆಬ್ಬೆರಳಿನ ಉಗುರು ಸದಾ ಕಡುಹಸಿರು. ಸವಣೂರಿನ ನಮ್ಮ ಓಣಿಯ ತುದಿಗೆ ವೀಳ್ಯದೆಲೆ ಮಾರುತ್ತಿದ್ದ ಚಾಚಾ, ಎಲೆಕಟ್ಟಿನ ಅಂಚಿಗೆ ಆ ಉಗುರು ಆಡಿಸಿದರೆ ಸಾಕು, ಒಳಗಿನ ಕೊಳೆತ ಎಲೆ ಸಿಕ್ಕೇ ಸಿಗುತ್ತಿತ್ತು.

ನಾನು ನರ್ಸಿಂಗ್ ಮುಗಿಸಿ ಮನೆಯಲ್ಲಿ ಕುಳಿತಿದ್ದೆ. ಹುಬ್ಬಳ್ಳಿಯ ಆಸ್ಪತ್ರೆಯೊಂದರ ಸಂದರ್ಶನದಲ್ಲಿ ಇಂಗ್ಲಿಷಿನಲ್ಲಿ ಹೆಸರು ಕೇಳಿದ್ದಕ್ಕೇ ಅಂಜಿ ಎದ್ದು ಬಂದಿದ್ದೆ. ಎರಡು ತಿಂಗಳ ನಂತರ ಇನ್ನೊಂದು ಅವಕಾಶವಿತ್ತು. ಅದೂ ತಪ್ಪಿದರೆ ಓದಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ.

ಎಲೆ ತರಲು ಹೋದಾಗ ಚಾಚಾನ ಮುಂದೆ ಅತ್ತುಬಿಟ್ಟೆ.

"ದಿನಾ ಒಂದು ವಾಯ್ಸ್ ಮೆಸೇಜ್ ಇಂಗ್ಲಿಷ್‌ನ್ಯಾಗ ನನಗ ಕಳಸು," ಎಂದರು.

"ನಿಮಗ ಇಂಗ್ಲಿಷ್ ಎಲ್ಲಿ ಬರ್ತೈತ್ರಿ, ಚಾಚಾ?"

"ಬರಂಗಿಲ್ಲ. ಅದಕ್ಕ ಕಳಸು ಅನ್ನಾಕತ್ತೇನಿ. ತಪ್ಪು ಹಿಡಿಯಾವ್ರ ಮುಂದ ಅಂಜಿಕಿ. ನನ್ನ ಮುಂದ ಯಾತರ ಅಂಜಿಕಿ?"

ಪುಣೆಯ ವ್ಯಾಪಾರಿಗಳಿಗಾಗಿ ಅವರು ಮರಾಠಿ ಕಲಿತದ್ದೂ ಹೀಗೆಯೇ: ಮೊಬೈಲಿನಲ್ಲಿ ಮಾತಾಡಿ, ತಾವೇ ಕೇಳಿ, ಅಳಿಸಿ, ಮತ್ತೆ ಮಾತಾಡಿ.

ಮೊದಲ ದಿನ ಹತ್ತು ಸಲ ಅಳಿಸಿ, ಹೆಸರು, ಊರು ಅಷ್ಟೇ ಕಳಿಸಿದೆ. ಎಲೆಗೆ ನೀರು ಚಿಮುಕಿಸುತ್ತ ಕೇಳಿ ಉತ್ತರಿಸಿದರು: "ನಡಕ ಎರಡು ಕಡೆ ಅಂಜೀದಿ. ಉಳಿದದ್ದು ತಾಜಾ ಐತಿ. ನಾಳಿನ ಕಟ್ಟು ಕಳಸು." ತಿಳಿಯದ ಭಾಷೆಯಲ್ಲೂ ಅಂಜಿಕೆ ಎಲ್ಲಿದೆ ಎಂದು ಆ ಮನುಷ್ಯನಿಗೆ ಗೊತ್ತಾಗುತ್ತಿತ್ತು. ಒಮ್ಮೆಯೂ ತಪ್ಪಲಿಲ್ಲ, ನನಗೆ ಸಿಟ್ಟು ಬರುವಷ್ಟು.

ಎರಡನೇ ಸಂದರ್ಶನದಲ್ಲಿ ತಡವರಿಸಿದೆ, ಆದರೆ ಎದ್ದು ಬರಲಿಲ್ಲ. ಕೆಲಸ ಸಿಕ್ಕಿತು. ಈಗ ವಾರ್ಡಿನಲ್ಲಿ ಇಂಗ್ಲಿಷಿನಲ್ಲಿ ಜಗಳವನ್ನೂ ಆಡುತ್ತೇನೆ. ಕೆಲಸ ಸಿಕ್ಕ ದಿನ ಬಸ್ ಸ್ಟ್ಯಾಂಡಿನಲ್ಲೇ ನಿಂತು ಚಾಚಾನಿಗೆ ಉದ್ದದ ಮೆಸೇಜ್ ಕಳಿಸಿದೆ. ನೀವಿಲ್ಲದಿದ್ದರೆ ನಾನು ಮನೆಯಲ್ಲೇ ಕೊಳೆಯುತ್ತಿದ್ದೆ, ನೀವು ನನಗೆ ಅಪ್ಪನಿದ್ದ ಹಾಗೆ ಎಂದೆಲ್ಲ. ಕನ್ನಡದಲ್ಲಿ ಹೇಳಲು ನಾಚಿಕೆ, ಅದಕ್ಕೇ ಇಂಗ್ಲಿಷಿನಲ್ಲಿ ಹೇಳಿದೆ.

"ಎಲ್ಲೂ ಅಂಜಿಲ್ಲ ನೋಡು. ಏನಂದಿ, ಬೇಟಿ?"

"ಊರಿಗೆ ಬಂದಾಗ ಹೇಳ್ತೇನ್ರಿ," ಎಂದೆ. ಬಂದಾಗಲೆಲ್ಲ ಚಹಾ, ಹರಟೆ. ಆ ಮಾತು ಮಾತ್ರ ಬಾಯಿಗೆ ಬರಲಿಲ್ಲ.

ಹೋದ ವರ್ಷ ಚಾಚಾ ತೀರಿಕೊಂಡರು. ಮನೆಯವರನ್ನು ಮಾತಾಡಿಸಿ ಬರಲು ಹೋದಾಗ ಅವರ ಹೆಂಡತಿ, ಚಾಚಿ, ಹೇಳಿದರು: "ನಿನ್ನ ಆ ಉದ್ದನ್ನ ಮೆಸೇಜ್ ಗಿರಾಕಿಗೆಲ್ಲ ಕೇಳಸ್ತಿದ್ರವ್ವ. ಇಂಗ್ಲಿಷ್ ಬಲ್ಲವ್ರು ಅರ್ಥ ಹೇಳಾಕ ಬಂದ್ರ, ಬ್ಯಾಡ, ಆಕೀನ ಬಂದು ಹೇಳ್ತಾಳ ಅಂತಿದ್ರು."

ಚಾಚಿಯ ಪಕ್ಕ ಕುಳಿತು ಅದನ್ನು ಮೊದಲಿನಿಂದ ಕೊನೆಯವರೆಗೆ ಕನ್ನಡದಲ್ಲಿ ಹೇಳಿದೆ. ನಡುವೆ ಎರಡು ಕಡೆ ಅಂಜಿದೆ. ಅದನ್ನು ಹಿಡಿಯುವ ಮನುಷ್ಯ ಇರಲಿಲ್ಲ.