ಝೆರಾಕ್ಸಿನಲ್ಲಿ ಬಾರದ ಕೆರೆ

ಹೋದ ವರ್ಷ ಕಾರಹುಣ್ಣಿಮೆ ಆಗಿ ಮೂರನೇ ದಿನ, ರಾಯಚೂರಿನ ನನ್ನ ಝೆರಾಕ್ಸ್ ಅಂಗಡಿಗೆ ನಿಂಗಪ್ಪ ಮಾಮ ಬಂದ. ಮಾಮ ಎಂದರೆ ನನ್ನ ತಾಯಿಯ ತಮ್ಮ. ದೇವದುರ್ಗದ ಕಡೆ ಎರಡು ಗುಡ್ಡಗಳ ನಡುವೆ ಇರುವ ನಮ್ಮ ತವರೂರಿನಲ್ಲಿ ಕುರಿ ಸಾಕಿಕೊಂಡಿದ್ದಾನೆ. ಊರಿನ ಹೆಸರು ಬರೆಯುವುದಿಲ್ಲ, ಜಗಳ ಇನ್ನೂ ಪೂರ್ತಿ ಮುಗಿದಿಲ್ಲ. ಬಂದವನು ಹೆಗಲ ಮೇಲಿನ ಕಂಬಳಿ ಇಳಿಸಲಿಲ್ಲ, ನೀರೂ ಕೇಳಲಿಲ್ಲ. ಪ್ಲಾಸ್ಟಿಕ್ ಚೀಲದಿಂದ ಎರಡು ಕಾಗದ ತೆಗೆದು ನನ್ನ ಮುಂದೆ ಇಟ್ಟ.

"ಮಲ್ಲವ್ವಾ, ನೀ ಸಣ್ಣಾಕಿದ್ದಾಗ ಗುಡ್ಡದ ಕೆರ್‍ಯಾಗ ಈಜು ಕಲ್ತೆಲ್ಲ, ಆ ಕೆರಿ ಅದನೋ ಇಲ್ಲೋ?"

"ಏನಾತು ಮಾಮಾ? ಅದ ಅಲ್ಲ, ಎಲ್ಲಿಗೆ ಹೋಗ್ತದ?"

"ಸರಕಾರ ಇಲ್ಲ ಅನ್ನಾಕತ್ತದ. ಓದು."

ಓದಿದೆ. ಆ ಜಾಗವನ್ನು ಜಲ್ಲಿ ಕ್ರಷರ್ ಹಾಕುವ ಒಬ್ಬರಿಗೆ ಕೊಡುವ ಪ್ರಸ್ತಾಪವಿತ್ತು. ಊರವರು ಅಲ್ಲಿ ಕೆರೆ ಇದೆ ಎಂದು ತಕರಾರು ಕೊಟ್ಟಿದ್ದರು. ಅದಕ್ಕೆ ರಾಯಚೂರಿನ ಸರ್ವೇ ಕಚೇರಿಯ ಉತ್ತರ: ನಕ್ಷೆಯ ಪ್ರಕಾರ ಸದರಿ ಸ್ಥಳದಲ್ಲಿ ಯಾವುದೇ ಕೆರೆ ಕಂಡುಬರುವುದಿಲ್ಲ. ಎಂಟು ದಿನ ಬಿಟ್ಟು ವಿಚಾರಣೆ, ಹೇಳುವುದೇನಾದರೂ ಇದ್ದರೆ ಆವತ್ತೇ ಹೇಳಬೇಕು.

"ಜಾಗ ನೋಡಾಕ ಯಾರೂ ಬರಲಿಲ್ಲೇನು?" ಎಂದೆ.

"ಬಂದಿದ್ದ ಒಬ್ಬಾವ. ಜೀಪಿನಿಂದ ಕೆಳಗ ಇಳೀಲಿಲ್ಲ. ಬ್ಯಾಸಗ್ಯಾಗ ನೀರು ಸರಿದು ನಟ್ಟನಡುವಷ್ಟೇ ಇತ್ತು ನೋಡು, ತಗ್ಗು ಅಂತ ಬರಕೊಂಡು ಹೋದ. ಈಗ ಇನ್ನೂ ಹುಕುಮ್ ಆಗಿಲ್ಲ, ಆಗ್ಲೇ ಟಿಪ್ಪರಿನ್ಯಾಗ ಕಲ್ಲಿನ ಪುಡಿ ತಂದು ಸುರ್‍ಯಾಕತ್ತಾರ. ಈ ಕೆರಿ ಹೋದ್ರ ಕುರಿ ಮಾರಿ ಊರು ಬಿಡಬೇಕವ್ವಾ. ಸುತ್ತ ಎಲ್ಲೂ ಕುರಿಗೆ ನೀರಿಲ್ಲ."

ನನಗೆ ಮೈಯೆಲ್ಲ ಉರಿದುಹೋಯಿತು. ಎರಡನೇ ಕಾಗದ ಬಿಚ್ಚಿದೆ. ಅದು ಕಚೇರಿಯ ಸೀಲು ಹೊತ್ತ ಹಳೆಯ ನಕ್ಷೆಯ ನಕಲು. ಎರಡೂ ಗುಡ್ಡಗಳು ಕೂದಲಿನಂಥ ಸಣ್ಣ ಗೆರೆಗಳಲ್ಲಿ ಚೆನ್ನಾಗಿ ಮೂಡಿದ್ದವು. ನಡುವೆ ಮಾತ್ರ ಬೆಳ್ಳಗೆ ಬರೀ ಕಾಗದ. ಕೆರೆಯ ಏರಿ ಇರುವ ಕಡೆ ಒಂದು ಕಪ್ಪು ಗೆರೆ ಉಳಿದಿತ್ತು, ಅದರ ಪಕ್ಕ ಯಾರೋ ಪೆನ್ನಿನಲ್ಲಿ ಬಂಡಿದಾರಿ ಎಂದು ಬರೆದಿದ್ದರು.

ಬೈಯಬೇಕೆಂದು ಬಾಯಿ ತೆರೆದವಳು ಹಾಗೇ ನಿಂತೆ. ಹಾಳೆಯ ಬಲ ಅಂಚಿನಲ್ಲಿ ಮೇಲಿನಿಂದ ಕೆಳಗೆ ಒಂದು ತೆಳು ಗೆರೆ ಇತ್ತು, ಎರಡು ಕಡೆ ತುಂಡಾಗಿ. ಆ ಗೆರೆ ನನಗೆ ನನ್ನ ಕೈಬರಹದಷ್ಟೇ ಗುರುತು. ನನ್ನ ಹಳೆಯ ಮಷಿನ್ನಿನ ಡ್ರಮ್ಮಿಗೆ ಗೀರು ಬಿದ್ದಿತ್ತು, ಅದರಲ್ಲಿ ತೆಗೆದ ಪ್ರತಿ ಹಾಳೆಗೂ ಆ ಗೆರೆ ಬರುತ್ತಿತ್ತು. ಈ ನಕಲು ಮಾಡಿದವಳು ನಾನೇ.

ಎಲ್ಲ ನೆನಪಾಯಿತು. ಏಳೆಂಟು ವರ್ಷದ ಹಿಂದೆ ಕಚೇರಿಯ ಜವಾನನೊಬ್ಬ ಹಳೆಯ ನಕ್ಷೆಗಳ ಒಂದು ಗಂಟು ಹೊತ್ತು ತಂದಿದ್ದ. ನಿಜಾಮರ ಕಾಲದವು, ಬಟ್ಟೆಗೆ ಅಂಟಿಸಿದ ಕಾಗದ, ಉರ್ದು ಅಕ್ಷರ. ಮಡಿಕೆಯಲ್ಲೆಲ್ಲ ಹರಿಯುತ್ತಿವೆ, ಇನ್ನು ಮೇಲೆ ನಕಲನ್ನೇ ಬಳಸುತ್ತಾರಂತೆ ಎಂದ. ನಮ್ಮ ಧಂದೆಯಲ್ಲಿ ಎಲ್ಲರಿಗೂ ಗೊತ್ತಿರುವ ಒಂದು ಮಾತಿದೆ: ಕಪ್ಪು-ಬಿಳುಪು ಝೆರಾಕ್ಸಿನಲ್ಲಿ ತಿಳಿ ನೀಲಿ ಬರುವುದಿಲ್ಲ. ಬರಬೇಕೆಂದರೆ ಡಾರ್ಕ್ ಹೆಚ್ಚಿಸಬೇಕು. ಮೊದಲನೆಯ ನಕ್ಷೆಗೆ ಹಾಗೆಯೇ ಮಾಡಿದ್ದೆ. ಬಟ್ಟೆಯ ಕೊಳೆ, ಹಳದಿ ಕಲೆ ಎಲ್ಲ ಕಪ್ಪಾಗಿ ಬಂದು ಹಾಳೆ ಹೆಂಚಿನಂತಾಯಿತು. "ಇದೇನಕ್ಕಾ, ಸಾಹೇಬ್ರು ಮುಖದ ಮ್ಯಾಲ ಒಗೀತಾರ" ಎಂದ ಜವಾನ. ಲೈಟ್ ಒತ್ತಿದೆ. ಕೊಳೆ ಹೋಯಿತು, ಅದರ ಜೊತೆ ನೀಲಿಯೂ ಹೋಯಿತು. "ಹಾಂ, ಈಗ ಕ್ಲೀನ್ ಬಂತು ನೋಡಕ್ಕಾ" ಎಂದ. ಗಂಟು ಪೂರ್ತಿ ಹಾಗೇ ತೆಗೆದುಕೊಟ್ಟೆ. ನೀಲಿ ಹೋದದ್ದು ಕಣ್ಣಿಗೆ ಬಿದ್ದಿತ್ತು. ಗಿರಾಕಿ ಒಪ್ಪಿದ ಮೇಲೆ ನನಗೇನು ಎಂದುಕೊಂಡೆ. ನಮ್ಮೂರಿನ ನಕ್ಷೆ ಅದರಲ್ಲಿ ಇತ್ತೆಂಬುದೇ ನನಗೆ ತಿಳಿದಿರಲಿಲ್ಲ.

ಮಾಮನಿಗೆ ಇದನ್ನು ಹೇಳಲು ಆವತ್ತು ನಾಲಿಗೆ ಬರಲಿಲ್ಲ. "ಅಸಲಿ ನಕ್ಷೆ ಬ್ಯಾರೆ ಅದ ಮಾಮಾ, ಅದನ್ನ ತಗಸೋಣ ನಡಿ" ಎಂದಷ್ಟೇ ಹೇಳಿದೆ.

ಕಚೇರಿಗೆ ಹೋದೆವು. ನಕ್ಷೆಗಳ ಉಸ್ತುವಾರಿಯ ಗುಮಾಸ್ತ ಮೊಬೈಲಿನಿಂದ ತಲೆ ಎತ್ತದೆ ಮಾತಾಡಿದ.

"ನಕ್ಷಿದಾಗ ಇಲ್ಲಂದ್ರ ಇಲ್ಲರೀ."

"ಅದು ಝೆರಾಕ್ಸ್‌ರೀ. ಅಸಲಿದಾಗ ಕೆರಿ ಇರ್ತದ. ತಿಳಿ ನೀಲಿ ಇದ್ರಾಗ ಬಂದಿಲ್ಲ."

"ಸೀಲು ಅದ, ಸಹಿ ಅದ. ಇನ್ನೇನು ಬೇಕು?"

"ಸೀಲು ಹಾಕಿದ್ರ ಕೆರಿ ಬತ್ತತದೇನ್ರಿ?"

ಆಗ ತಲೆ ಎತ್ತಿದ. "ಝೆರಾಕ್ಸ್ ಅಂಗಡ್ಯಾಕಿ ಅಲ್ಲೇನು ನೀವು? ಸರ್ವೇ ಇಲಾಖಿಗೇ ಸರ್ವೇ ಕಲಸಾಕ ಬಂದೀರಿ!" ಎಂದು ಪಕ್ಕದವನ ಕಡೆ ನೋಡಿ ನಕ್ಕ. ಪಕ್ಕದವನೂ ನಕ್ಕ. "ಅಸಲಿ ಹಾಳಾಗ್ಯಾದ. ಇದ್ರೂ ಉರ್ದು. ಯಾರಿಗೆ ಓದಾಕ ಬರ್ತದ?"

ನಾನೂ ಸುಮ್ಮನಿರುವ ಜಾತಿಯವಳಲ್ಲ. ಅಲ್ಲೇ ಬೆಂಚಿನ ಮೇಲೆ ಕೂತು ಅಸಲಿ ನಕ್ಷೆ ತೋರಿಸಬೇಕೆಂದು ಅರ್ಜಿ ಬರೆದು, ಒಂದು ಪ್ರತಿಯ ಮೇಲೆ ಸ್ವೀಕೃತಿ ಸಹಿ ಹಾಕಿಸಿಕೊಂಡೇ ಬಂದೆ. ಮರುದಿನ ಹೋದರೆ ಬೀಗದ ಕೈ ಇಟ್ಟುಕೊಂಡವನು ರಜೆ. ಅದರ ಮರುದಿನ ಅವನು ಬಂದಿದ್ದ, ಬೀಗದ ಕೈ ಮನೆಯಲ್ಲಿತ್ತು. ಮೂರನೇ ದಿನ ಬೀಗದ ಕೈಯೂ ಇತ್ತು, ಆದರೆ ಊಟದ ಹೊತ್ತು. ಆ ಊಟ ಸಂಜೆಯ ತನಕ ನಡೆಯಿತು. ಅಷ್ಟು ಹೊತ್ತೂ ಮಾಮ ಹೊರಗೆ ಬೇವಿನ ಗಿಡದ ಕೆಳಗೆ ಕೂತಿರುತ್ತಿದ್ದ. ಅಲ್ಲಿ ಊರಲ್ಲಿ ಟಿಪ್ಪರು ಓಡುತ್ತಲೇ ಇದ್ದವು. ಅದನ್ನು ನೆನೆದರೆ ಈಗಲೂ ಹಲ್ಲು ಕಡಿಯುತ್ತೇನೆ.

ಉರ್ದು ಓದುವವರು ಯಾರೆಂದು ನನಗೆ ಗೊತ್ತಿತ್ತು. ಖಾಜಾ ಚಾಚಾ ಮೊದಲು ನಮ್ಮ ಅಂಗಡಿಯ ಪಕ್ಕದಲ್ಲೇ ಪುಸ್ತಕಗಳಿಗೆ ಬೈಂಡಿಂಗ್ ಮಾಡುತ್ತಿದ್ದವರು. ಈಗ ವಯಸ್ಸಾಗಿ ಮಾನ್ವಿಯಲ್ಲಿ ಮಗಳ ಮನೆಯಲ್ಲಿದ್ದಾರೆ. ಅಂಗಡಿ ಮುಚ್ಚಿ ಮಾನ್ವಿಗೆ ಬಸ್ಸು ಹತ್ತಿದೆ. ಮೊಣಕಾಲು ನೋವೆಂದು ಮಗಳು ಬೇಡ ಅಂದಳು. ಚಾಚಾ ಟೋಪಿ ಹಾಕಿಕೊಂಡು ಎದ್ದೇಬಿಟ್ಟರು. "ನನ್ನ ಕಣ್ಣಿಗೆ ಇನ್ನೇನು ಕೆಲಸ ಅದ ಬೇಟಿ? ಟೀವಿ ನೋಡೂದು. ನಡಿ, ಹೋಗೂಣು."

ನಾನು ಮೇಲಿನ ಅಧಿಕಾರಿಗೂ ಒಂದು ಅರ್ಜಿ ಕೊಟ್ಟಿದ್ದರಿಂದ ವಿಚಾರಣೆಯ ದಿನ ಅಸಲಿ ನಕ್ಷೆ ಟೇಬಲ್ಲಿನ ಮೇಲೆ ಬಂತು. ಹಾಳಾಗಿದೆ ಎಂದಿದ್ದರಲ್ಲ, ಎರಡು ಮಡಿಕೆ ಹರಿದದ್ದು ಬಿಟ್ಟರೆ ಗಟ್ಟಿಮುಟ್ಟಾಗಿತ್ತು. ಎರಡು ಗುಡ್ಡಗಳ ನಡುವೆ ಹುರುಳಿಕಾಳಿನ ಆಕಾರದಲ್ಲಿ ನಮ್ಮ ಕೆರೆ, ತೊಳೆದ ನೀಲಿ ಸೀರೆಯ ಬಣ್ಣದಲ್ಲಿ. ಗುಡ್ಡದಿಂದ ಇಳಿಯುವ ಎರಡೂ ಹಳ್ಳಗಳು ಅದಕ್ಕೆ ಬಂದು ಸೇರಿದ್ದವು. ಮಾಮನಿಗೆ ಓದು ಬರಹ ಬಾರದು. ಆದರೂ ಬೆರಳಿಟ್ಟು, "ಇದು ಆನಿಗುಂಡು, ಇಲ್ಲಿ ಕುರಿ ಇಳಸ್ತೀವಿ. ಇದು ಏರಿ" ಎಂದು ತೋರಿಸಿದ.

ನೀಲಿಯೊಳಗೆ ಅದಕ್ಕಿಂತ ತುಸುವೇ ಗಾಢವಾದ ನೀಲಿ ಮಸಿಯಲ್ಲಿ ಮಾಸಿದ ಒಂದು ಸಾಲಿತ್ತು. ಚಾಚಾ ಕನ್ನಡಕ ತೆಗೆದು ಒರೆಸಿ, ನಕ್ಷೆಗೆ ಮೂಗು ತಾಗುವಂತೆ ಬಗ್ಗಿದರು.

"ತಾಲಾಬ್, ಬರಾಯೆ ಮವೇಶಿ" ಎಂದು ಓದಿದರು. "ಕೆರಿ ಸಾಹೇಬ್ರ. ದನಾ ಕುರಿಗೋಳ ಸಲುವಾಗಿ ಬಿಟ್ಟ ಕೆರಿ. ಬರದಾರ ಇಲ್ಲಿ."

ಅಧಿಕಾರಿ ವಯಸ್ಸಿನಲ್ಲಿ ಚಿಕ್ಕವರು. ಎರಡೂ ನಕ್ಷೆ ಪಕ್ಕಪಕ್ಕ ಇಟ್ಟು ನೋಡಿದರು. ಗುಮಾಸ್ತ ತಕ್ಷಣ, "ಸರ್, ಆ ನೀಲಿ ಬಣ್ಣ ಆಮೇಲೆ ಯಾರೋ ಹಚ್ಚಿರಬಹುದು. ನಕಲಿನಲ್ಲಿ ಇಲ್ಲವಲ್ಲ" ಎಂದ.

ನನ್ನ ಪಿತ್ತ ನೆತ್ತಿಗೇರಿತು. ಮೂಲೆಯಲ್ಲಿ ಕಚೇರಿಯದೇ ಝೆರಾಕ್ಸ್ ಮಷಿನ್ ಇತ್ತು. "ಅಪ್ಪಣೆ ಕೊಟ್ರ ಈಗ ತೋರಸ್ತೀನ್ರಿ" ಎಂದೆ. ಕೊಟ್ಟರು. ಎಲ್ಲರ ಎದುರು ಅಸಲಿ ನಕ್ಷೆಯನ್ನು ಗಾಜಿನ ಮೇಲೆ ಮೆಲ್ಲಗೆ ಮಲಗಿಸಿ ಲೈಟ್ ಒತ್ತಿದೆ. ಹಾಳೆ ಬಂತು, ಕ್ಲೀನ್, ಕೆರೆ ಇಲ್ಲ. ಡಾರ್ಕ್ ಒತ್ತಿದೆ. ಕೊಳಕು ಹಾಳೆಯ ನಡುವೆ ಬೂದು ಬಣ್ಣದಲ್ಲಿ ಕೆರೆ ಎದ್ದು ಬಂತು, ಒಳಗಿನ ಅಕ್ಷರ ಸಮೇತ.

ಅಧಿಕಾರಿ ಎರಡು ಹಾಳೆಗಳನ್ನೂ ಎತ್ತಿ ಹಿಡಿದರು. "ಇಷ್ಟು ಖಚಿತವಾಗಿ ನಿಮಗೆ ಹೇಗೆ ಗೊತ್ತಾಯಿತಮ್ಮ?"

ಅಂಗಡಿ ನಡೆಸಿದ ಅನುಭವ ಎನ್ನಬಹುದಿತ್ತು. ಸುಳ್ಳೇನೂ ಅಲ್ಲ. ಆದರೆ ಗುಮಾಸ್ತ ಆಗಲೇ ಕೈ ತೊಳೆದುಕೊಳ್ಳುವ ಮುಖ ಮಾಡಿದ್ದ, ಅದನ್ನು ನೋಡಿ ನನಗೆ ಹೇಸಿಗೆಯಾಯಿತು. "ಕೆರಿ ಇಲ್ಲದ ಆ ನಕಲು ಮಾಡಿದಾಕಿ ನಾನೇರಿ" ಎಂದೆ. "ನೀಲಿ ಹೋಗಿದ್ದು ನೋಡೀನಿ. ಹೇಳಲಿಲ್ಲ. ಇವರು ಅಸಲಿ ಜೋಡಿ ಇಟ್ಟು ತಾಳೆ ನೋಡಲಿಲ್ಲ, ಸೀಲು ಒತ್ತಿದ್ರು."

ಮಾಮ ನನ್ನ ಕಡೆ ತಿರುಗಿದ. ಆ ನೋಟವನ್ನು ನಾನು ಸಾಯುವ ತನಕ ಮರೆಯಲಾರೆ.

ಅಧಿಕಾರಿ ಆವತ್ತೇ ಕೆಲಸ ನಿಲ್ಲಿಸಲು ಬರೆದರು. ಕ್ರಷರಿನ ಪ್ರಸ್ತಾಪ ಬಿದ್ದುಹೋಯಿತು. ಚಾಚಾ ನನ್ನ ತಲೆ ಸವರಿ, ಮಾನ್ವಿ ಬಸ್ಸಿಗೆ ಹೊತ್ತಾಯಿತೆಂದು ಹೊರಟರು. ಬೇವಿನ ಗಿಡದ ಕೆಳಗೆ ನಾನು, ಮಾಮ ಇಬ್ಬರೇ ಉಳಿದೆವು.

"ಗೊತ್ತಿತ್ತೇನು ನಿನಗ, ನೀಲಿ ಬರೂದಿಲ್ಲಂತ?"

"ಗೊತ್ತಿತ್ತು ಮಾಮಾ."

"ಮತ್ತ ಯಾಕ ಹೇಳಲಿಲ್ಲವ್ವಾ?"

"ಅವರು ಕೇಳಲಿಲ್ಲ."

ಹೇಳಿದ ಮೇಲೆ ನನ್ನ ಮಾತು ನನಗೇ ಕೇಳಿಸಿತು. ಅದು ಆ ಗುಮಾಸ್ತ ಆಡಬಹುದಾದ ಮಾತೇ. ಮಾಮ ಬೈದಿದ್ದರೆ ಚೆನ್ನಾಗಿತ್ತು. ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡು, ಊಟಕ್ಕೆ ಬಾ ಎಂದರೂ ಬಾರದೆ, ದೇವದುರ್ಗದ ಬಸ್ಸು ಹಿಡಿದು ಹೋದ.

ಮುಂದಿನ ತಿಂಗಳು ಊರಿಗೆ ಹೋಗಿ ನೋಡಿದೆ. ಕೆರೆಯ ಒಂದು ಬದಿ, ನಾನು ಈಜು ಕಲಿತ ಬದಿಯೇ, ಕಲ್ಲಿನ ಪುಡಿಯಲ್ಲಿ ಮುಚ್ಚಿಹೋಗಿತ್ತು. ಅದನ್ನು ಎತ್ತಿರಿ ಎಂದು ಸುರಿದವರಿಗೆ ಇನ್ನೂ ಯಾರೂ ಹೇಳಿಲ್ಲ. ಉಳಿದ ನೀರಿನಲ್ಲಿ ಕುರಿಗಳು ಸಾಲಾಗಿ ಬಾಯಿ ಇಟ್ಟಿದ್ದವು. ಮಾಮ ದೂರದಿಂದಲೇ ನೋಡಿ, "ಬಂದ್ಯಾ" ಎಂದ. ಅಷ್ಟೇ ಎಂದದ್ದು, ನನಗೆ ಅದೇ ದೊಡ್ಡದಾಯಿತು.

ಗುಮಾಸ್ತ ಅದೇ ಕುರ್ಚಿಯಲ್ಲಿ ಅದೇ ಮೊಬೈಲು ಹಿಡಿದು ಕೂತಿದ್ದಾನೆ. ನನ್ನ ಅಂಗಡಿಯಲ್ಲಿ ಈಗ 'ತಿಳಿ ನೀಲಿ ಬರುವುದಿಲ್ಲ' ಎಂದು ದೊಡ್ಡದಾಗಿ ಬರೆದು ಅಂಟಿಸಿದ್ದೇನೆ. ಓದದಿದ್ದವರಿಗೆ ಬಾಯಿಬಿಟ್ಟು ಹೇಳುತ್ತೇನೆ. ಆದರೆ ಅದರಿಂದ ನನ್ನ ಸಿಟ್ಟು ಇಳಿದಿಲ್ಲ. ಯಾಕೆಂದರೆ ಆ ದಿನ ಜವಾನ ತಂದಿದ್ದು ಒಂದು ನಕ್ಷೆಯಲ್ಲ, ಒಂದು ಗಂಟು. ಅದರಲ್ಲಿ ಯಾವ ಯಾವ ಊರಿದ್ದವೋ, ನಾನು ಎಷ್ಟು ಕೆರೆಗಳನ್ನು ಕ್ಲೀನ್ ಮಾಡಿ ಕೊಟ್ಟೆನೋ ನನಗೆ ಗೊತ್ತಿಲ್ಲ. ಆ ಊರುಗಳವರಿಗೂ ಗೊತ್ತಿಲ್ಲ.

ಮೊನ್ನೆಯೂ ಕಚೇರಿಗೆ ಹೋಗಿದ್ದೆ. "ನಿಮ್ಮ ಕೆರಿ ನಿಮಗ ಸಿಕ್ಕದಲ್ಲ, ಮತ್ಯಾಕ ಬಂದ್ರಿ?" ಎಂದ ಗುಮಾಸ್ತ. ಅರ್ಜಿಯನ್ನು ಅವನ ಮೊಬೈಲಿನ ಮೇಲೆಯೇ ಇಟ್ಟೆ. "ಗಂಟು ಬಿಚ್ಚರಿ" ಎಂದೆ.